ದಾರಿಯಲ್ಲಿ ಬಿದ್ದುಹೋದ ಒಂದು ಪದ

ಮೂರು ವಾರ ಹಳೆಯದಾದ ನನ್ನದೇ ತಪ್ಪೊಂದು ನೋಂದಾಯಿತ ಅಂಚೆಯಲ್ಲಿ ನನ್ನ ಮೇಜಿಗೇ ಬಂದು ಬಿದ್ದಿತು. ಲಕೋಟೆಯೊಳಗೆ ಗೆರೆ ಹಾಕಿದ ನೋಟ್‌ಬುಕ್ಕಿನ ಎರಡು ಹಾಳೆಗಳಿದ್ದವು. ದುಂಡನೆಯ ಕನ್ನಡ ಅಕ್ಷರ. ಟಪಾಲು ವಿಭಾಗದವರು ಅದರ ಮೂಲೆಯಲ್ಲಿ, "ಭಾಷೆ ಕನ್ನಡವಿರಬಹುದು, ಅನುವಾದಿಸಿ ಕೊಡುವುದು" ಎಂದು ಬರೆದು ನನಗೆ ಕಳುಹಿಸಿದ್ದರು. ಪುಣೆಯ ನಮ್ಮ ಕಚೇರಿಯಲ್ಲಿ ಆಗ ಕನ್ನಡ ಓದಬಲ್ಲವನು ನಾನೊಬ್ಬನೇ. ದೂರು ಇದ್ದದ್ದು ನನ್ನ ಮೇಲೆ. ಅದನ್ನು ಇಂಗ್ಲಿಷಿಗೆ ತಂದು ಮೇಲಧಿಕಾರಿಗೆ ಒಪ್ಪಿಸಬೇಕಾದವನೂ ನಾನೇ.

ನಮ್ಮದು ಕೇಂದ್ರ ಸರಕಾರದ ಒಂದು ಪ್ರಾದೇಶಿಕ ಕಚೇರಿ. ಸೊಲ್ಲಾಪುರದಲ್ಲಿ ಅದರ ಉಪಕಚೇರಿಯಿದೆ. ಪಿಂಚಣಿಯ ತಕರಾರುಗಳಿದ್ದ ವೃದ್ಧರು ವಿಚಾರಣೆಗೆಂದು ಸುಮಾರು 250 ಕಿಲೋಮೀಟರ್ ಪ್ರಯಾಣ ಮಾಡಿ ಪುಣೆಗೆ ಬರುವುದು ತಪ್ಪಲೆಂದು ಕೆಲವು ವರ್ಷಗಳ ಹಿಂದೆ ವಿಡಿಯೊ ಮೂಲಕ ವಿಚಾರಣೆ ನಡೆಸುವ ಪದ್ಧತಿ ಶುರುವಾಯಿತು. ಅವರು ಉಪಕಚೇರಿಗೆ ಬಂದು ಕ್ಯಾಮೆರಾದ ಮುಂದೆ ಕುಳಿತರೆ ಸಾಕು. ಒಳ್ಳೆಯ ಉದ್ದೇಶವೇ, ಅದರ ಬಗ್ಗೆ ನನಗೆ ಅಂದೂ ಇಂದೂ ಅನುಮಾನವಿಲ್ಲ.

ಆ ದಿನ ಅಲ್ಲಿ ಕುಳಿತಿದ್ದವರು ಅಕ್ಕಲಕೋಟೆ ತಾಲೂಕಿನ ಒಂದು ಹಳ್ಳಿಯ ಹಿರಿಯ ಹೆಂಗಸು. ರಾಜ್ಯದ ಗಡಿ ಎಲ್ಲಿಯೇ ಇರಲಿ, ಮನೆಮಾತು ಕನ್ನಡವಾಗಿರುವ ಊರುಗಳು ಆ ತಾಲೂಕಿನಲ್ಲಿ ಬಹಳ ಇವೆ ಎಂಬುದನ್ನು ಮಹಾರಾಷ್ಟ್ರದಲ್ಲಿರುವ ಓದುಗರಿಗೆ ನಾನು ಹೇಳಬೇಕಾಗಿಲ್ಲ. ಅವರ ಪತಿ ನಮ್ಮ ಇಲಾಖೆಯ ಕೆಳದರ್ಜೆಯ ನೌಕರರಾಗಿದ್ದು ಬಹಳ ಹಿಂದೆಯೇ ತೀರಿಕೊಂಡಿದ್ದರು. ಕುಟುಂಬ ಪಿಂಚಣಿ ಬರುತ್ತಿತ್ತು. ನಿಯಮದಂತೆ 80 ವರ್ಷ ತುಂಬಿದ ಮೇಲೆ ಮೂಲ ಕುಟುಂಬ ಪಿಂಚಣಿಯ ಶೇ. 20ರಷ್ಟು ಹೆಚ್ಚುವರಿ ಮೊತ್ತ ಸೇರಬೇಕು. ಅದು ಸೇರಿರಲಿಲ್ಲ, ಏಕೆಂದರೆ ನಮ್ಮ ದಾಖಲೆಗಳಲ್ಲಿ ಅವರ ಜನ್ಮದಿನಾಂಕವೇ ಇರಲಿಲ್ಲ. ಅವರು ತಂದಿದ್ದ ಎರಡು ಗುರುತಿನ ಚೀಟಿಗಳಲ್ಲಿ ಎರಡು ಬೇರೆ ಬೇರೆ ವಯಸ್ಸುಗಳಿದ್ದವು.

ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗೆ ಹಿಂದಿ ಮತ್ತು ಇಂಗ್ಲಿಷ್ ಮಾತ್ರ ಬರುತ್ತಿದ್ದುದರಿಂದ ನನ್ನನ್ನು ದುಭಾಷಿಯಾಗಿ ಕೂರಿಸಿದ್ದರು. ಆ ತಾಯಿ ಮಾತಾಡುತ್ತಿದ್ದಂತೆ ಧ್ವನಿ ನಡುನಡುವೆ ತುಂಡಾಗುತ್ತಿತ್ತು. ಹಳೇ ಮೈಸೂರಿನ ಕಡೆಯವನಾದ ನನ್ನ ಕಿವಿಗೆ ಆ ಸೀಮೆಯ ಕನ್ನಡ ಅಷ್ಟು ಸಲೀಸಲ್ಲ ಎಂಬುದೂ ನಿಜ. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇನ್ನೂ ಏಳು ಪ್ರಕರಣಗಳು ಕಾಯುತ್ತಿದ್ದವು. "ಬೇರೇನಾದರೂ ಹೇಳುವುದಿದೆಯೇ ಕೇಳಿ" ಎಂದರು ಅಧಿಕಾರಿ. ಕೇಳಿದೆ. ಉತ್ತರ ಬಂತು:

"ಇನ್ನಾ ಹೇಳೋದು... ಇಲ್ರೀ ಸಾಹೇಬ್ರ."

ಇನ್ನು ಹೇಳುವುದೇನೂ ಇಲ್ಲವೆಂದು ಇಂಗ್ಲಿಷಿನಲ್ಲಿ ತಿಳಿಸಿದೆ. ವಿಚಾರಣೆಯ ನಡಾವಳಿಯಲ್ಲಿ ಅದನ್ನೇ ನನ್ನ ಕೈಯಾರೆ ಬರೆದೆ. ದಾಖಲೆಯ ಆಧಾರವಿಲ್ಲ, ಅರ್ಜಿದಾರರು ಹೆಚ್ಚಿನದೇನನ್ನೂ ಹೇಳಬಯಸಲಿಲ್ಲ ಎಂಬ ಎರಡು ಕಾರಣಗಳ ಮೇಲೆ ಅರ್ಜಿ ಮುಕ್ತಾಯವಾಯಿತು.

ಪತ್ರ ಬರೆದಿದ್ದವಳು ಅವರ ಮೊಮ್ಮಗಳು. ಹಳ್ಳಿಯ ಕನ್ನಡ ಶಾಲೆಯಲ್ಲಿ ಕಲಿತು ಸೊಲ್ಲಾಪುರದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ. ಆಕೆ ಬರೆದದ್ದು ಇಷ್ಟು: "ಸಾಹೇಬರು ಕೇಳಿದಾಗ ನಮ್ಮ ಅಜ್ಜಿ 'ಇನ್ನಾ ಹೇಳೋದು ಮುಗದಿಲ್ರೀ' ಅಂದಳು. ಕನ್ನಡ ಬಲ್ಲ ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಬೇರೆ ಹೇಳಿದರು. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ, ನನಗೆ ಬರುತ್ತದೆ. ಅವರು ಹೇಳಿದ ಒಂದೊಂದು ಶಬ್ದವೂ ನನಗೆ ಸ್ಪಷ್ಟ ಕೇಳಿಸಿತು. ಹಾಗಲ್ಲ ಎಂದು ನಾನು ಕೂಗಿದೆ, ಅಷ್ಟರಲ್ಲಿ ಪರದೆ ಕಪ್ಪಾಯಿತು."

ಮುಗಿದಿಲ್ಲ ಎಂಬುದರಲ್ಲಿ 'ಮುಗದ' ಬಿದ್ದುಹೋದರೆ ಉಳಿಯುವುದು 'ಇಲ್ಲ'. ಇನ್ನೂ ಇದೆ ಎಂದವರ ಬಾಯಿಂದ ಏನೂ ಇಲ್ಲ ಎಂದು ಹೇಳಿಸಲು ಕನ್ನಡದಲ್ಲಿ ಮೂರೇ ಅಕ್ಷರ ಕಳೆದುಹೋದರೆ ಸಾಕೆಂದು, ನಲವತ್ತು ದಾಟಿದ ಮೇಲೆ, ಆ ಪತ್ರ ನನಗೆ ತಿಳಿಸಿತು.

ಆ ಹೊತ್ತಿಗೆ ಕಚೇರಿಯ ಕಂಪ್ಯೂಟರ್ ವಿಭಾಗದ ಹೆಚ್ಚುವರಿ ಹೊಣೆಯೂ ನನ್ನ ಮೇಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ವರ್ಗವಾಗಿ ಹೋಗಿದ್ದರು; ಇಂಗ್ಲಿಷ್ ಎಂ.ಎ. ಮಾಡಿದವನಿಗೆ ಯಂತ್ರಗಳ ಕೈಪಿಡಿ ಓದಲು ಬರುತ್ತದೆ ಎಂಬ ತರ್ಕದಲ್ಲಿ ಹೊಣೆ ನನಗೆ ಬಂದಿತ್ತು. ಹೀಗಾಗಿ ಆ ಮೂರು ಅಕ್ಷರಗಳು ಎಲ್ಲಿ ಬಿದ್ದವೆಂದು ಹುಡುಕುವುದು ನನ್ನ ಕರ್ತವ್ಯವೂ ಆಯಿತು.

ಸೊಲ್ಲಾಪುರಕ್ಕೂ ಪುಣೆಗೂ ನಡುವೆ ಇದ್ದದ್ದು ಒಂದು ಖಾಸಗಿ ಸೇವಾದಾತ ಸಂಸ್ಥೆಯಿಂದ ಬಾಡಿಗೆಗೆ ಪಡೆದ ಸಂಪರ್ಕ. ಸೊಲ್ಲಾಪುರದ ತುದಿಯಲ್ಲಿ ಅದರ ವೇಗ ಸೆಕೆಂಡಿಗೆ 2 ಮೆಗಾಬಿಟ್, ಪುಣೆಯ ತುದಿಯಲ್ಲಿ 10. ಧ್ವನಿ ತುಂಡಾಗುತ್ತಿದೆಯೆಂದು ಆ ಸಂಸ್ಥೆಗೆ ಬರೆದಾಗ ಒಂದು ನಕ್ಷೆ ಬಂತು. ಐದೈದು ನಿಮಿಷಗಳ ಸರಾಸರಿಯ ಗೆರೆ. ವಿಚಾರಣೆ ನಡೆದ ಹೊತ್ತಿನಲ್ಲಿ ಸಂಪರ್ಕದ ಬಳಕೆ ಶೇ. 30ನ್ನು ಮುಟ್ಟಿರಲಿಲ್ಲ, ಸಂಪರ್ಕದಲ್ಲಿ ದೋಷವಿಲ್ಲ ಎಂಬುದು ಅವರ ನಿಲುವು. ನಕ್ಷೆ ಸುಳ್ಳು ಹೇಳುತ್ತಿರಲಿಲ್ಲ. ನಾವು ನಿರ್ವಹಣಾ ಗುತ್ತಿಗೆಯಲ್ಲಿ ಇಟ್ಟುಕೊಂಡಿದ್ದ ತರುಣ ಇಂಜಿನಿಯರ್ ಅದನ್ನು ನೋಡಿ ಒಂದು ಕಾಗದದ ಮೇಲೆ ಲೆಕ್ಕ ಮಾಡಿ ತೋರಿಸಿದ. "ಸರ್, ಸ್ಕ್ಯಾನ್ ಮಾಡಿದ ಒಂದು ಕಡತ 20 ಮೆಗಾಬೈಟ್ ಇದೆ ಎಂದುಕೊಳ್ಳಿ. 2 ಮೆಗಾಬಿಟ್ ದಾರಿಯಲ್ಲಿ ಅದು ಹೋಗಲು 80 ಸೆಕೆಂಡು ಬೇಕು. ಆ 80 ಸೆಕೆಂಡು ದಾರಿ ಪೂರ್ತಿ ಭರ್ತಿ. ಆದರೆ ಐದು ನಿಮಿಷಕ್ಕೆ ಸರಾಸರಿ ತೆಗೆದರೆ ಶೇ. 27ಕ್ಕಿಂತ ಕಡಿಮೆ." ಸೊಲ್ಲಾಪುರದವರು ದಿನವೂ ಬೆಳಿಗ್ಗೆ ಹನ್ನೊಂದರ ನಂತರ ಹಿಂದಿನ ದಿನದ ಕಾಗದಗಳನ್ನು ಸ್ಕ್ಯಾನ್ ಮಾಡಿ ಪುಣೆಗೆ ಕಳುಹಿಸುತ್ತಿದ್ದರು. ನಾವೇ ಹೊರಡಿಸಿದ್ದ ಆದೇಶ ಅದು.

ಜಾಲದಲ್ಲಿ ಧ್ವನಿಯೂ ಕಡತವೂ ಹೋಗುವುದು ಸಣ್ಣ ಸಣ್ಣ ಪೊಟ್ಟಣಗಳಾಗಿ, ಪ್ಯಾಕೆಟ್ ಎನ್ನುತ್ತಾರೆ. ಎರಡರ ಸ್ವಭಾವ ಮಾತ್ರ ಬೇರೆ. ಕಡತವನ್ನು ಸಾಗಿಸುವ ವಿಧಾನ ದಾರಿಯಲ್ಲಿ ಏನಾದರೂ ಬಿದ್ದುಹೋದರೆ ಮತ್ತೆ ಕಳುಹಿಸುತ್ತದೆ. ಏನೂ ಬೀಳದಿದ್ದರೆ ವೇಗವನ್ನು ಹೆಚ್ಚಿಸುತ್ತಾ ಹೋಗುತ್ತದೆ, ಬೀಳುವವರೆಗೂ. ದಾರಿ ಎಷ್ಟು ಅಗಲವಿದ್ದರೂ ಅದನ್ನು ತುಂಬುವುದು ಅದರ ಗುಣ. ಮಾತು ಹಾಗಲ್ಲ. ಸಾಮಾನ್ಯ ವಿಧಾನದಲ್ಲಿ ಸೆಕೆಂಡಿಗೆ 50 ಪ್ಯಾಕೆಟ್‌ಗಳು ಹೊರಡುತ್ತವೆ. ಒಂದೊಂದರಲ್ಲಿ ಸೆಕೆಂಡಿನ 50ನೇ ಒಂದು ಭಾಗದಷ್ಟು ಧ್ವನಿ. ಬಿದ್ದದ್ದನ್ನು ಮತ್ತೆ ಕಳುಹಿಸುವುದರಲ್ಲಿ ಅರ್ಥವಿಲ್ಲ; ಅದು ತಲುಪುವ ಹೊತ್ತಿಗೆ ವಾಕ್ಯ ಮುಂದೆ ಹೋಗಿರುತ್ತದೆ. ಒಂದು ತುದಿಯ ಬಾಯಿಂದ ಇನ್ನೊಂದು ತುದಿಯ ಕಿವಿಗೆ 150 ಮಿಲಿಸೆಕೆಂಡುಗಳೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು.

ಒಂದು ಧ್ವನಿ ಪ್ಯಾಕೆಟ್ಟಿನ ಗಾತ್ರ, ಮೇಲಿನ ವಿಳಾಸ ಇತ್ಯಾದಿ ಸೇರಿ, 200 ಬೈಟ್. ಸೆಕೆಂಡಿಗೆ 80 ಕಿಲೋಬಿಟ್. ಅಂದರೆ ಆ ತಾಯಿಯ ಮಾತು ನಮ್ಮವರೆಗೆ ಬರಲು ಬೇಕಾಗಿದ್ದದ್ದು ಆ ಬಡ ಸಂಪರ್ಕದ ನೂರರಲ್ಲಿ ನಾಲ್ಕು ಪಾಲು. 'ಮುಗದ' ಎನ್ನಲು ಅರ್ಧ ಸೆಕೆಂಡೂ ಬೇಡ. 20 ಪ್ಯಾಕೆಟ್, ನಾಲ್ಕು ಸಾವಿರ ಬೈಟ್. ಅದಕ್ಕೆ ದಾರಿ ಬಿಟ್ಟುಕೊಡಲು 80 ಸೆಕೆಂಡಿನ ಕಡತವನ್ನು ತಡೆದು ನಿಧಾನಿಸಿದ್ದರೆ ಅದು ತಲುಪುವುದು ಎಷ್ಟು ತಡವಾಗುತ್ತಿತ್ತು ಎಂದು ಇಂಜಿನಿಯರನನ್ನು ಕೇಳಿದೆ. ಆತ ಮತ್ತೆ ಲೆಕ್ಕ ಹಾಕಿದ. "ಧ್ವನಿಗೆ ಮಾತ್ರ ಆದರೆ ಮೂರೂಕಾಲು, ಮೂರೂವರೆ ಸೆಕೆಂಡು, ಸರ್."

ದಾರಿ ಬಿಟ್ಟುಕೊಡುವ ಈ ವ್ಯವಸ್ಥೆಗೆ ಕ್ವಾಲಿಟಿ ಆಫ್ ಸರ್ವಿಸ್ ಎಂದು ಹೆಸರು, ಸೇವಾ ಗುಣಮಟ್ಟ. ಹೆಸರು ಕೇಳಿದರೆ ಗುಣಮಟ್ಟವನ್ನು ಎಲ್ಲಿಂದಲೋ ಹೊಸದಾಗಿ ತಂದು ಸೇರಿಸುವಂತಿದೆ. ಅದು ದಾರಿಯನ್ನು ಒಂದು ಕೂದಲೆಳೆಯಷ್ಟೂ ಅಗಲ ಮಾಡುವುದಿಲ್ಲ. ಯಾರು ಮೊದಲು ಹೋಗಬೇಕು, ಯಾರು ಕಾಯಬೇಕು, ಜಾಗ ಸಾಲದಿದ್ದಾಗ ಯಾರನ್ನು ಕೈಬಿಡಬೇಕು ಎಂಬುದನ್ನು ಮುಂಚೆಯೇ ತೀರ್ಮಾನಿಸಿ ಇಡುತ್ತದೆ, ಅಷ್ಟೆ. ಅಂಥ ತೀರ್ಮಾನ ನಾವು ಮಾಡದಿದ್ದರೂ ಯಾರೋ ಕಾಯುತ್ತಾರೆ, ಯಾರೋ ಬೀಳುತ್ತಾರೆ. ಬೀಳುವವರು ಯಾರೆಂಬುದು ನಮಗೆ ಗೊತ್ತಾಗುವುದಿಲ್ಲ.

ಪ್ಯಾಕೆಟ್ಟಿನ ಹೊರಮೈಯಲ್ಲಿ ಅದರ ದರ್ಜೆಯನ್ನು ನಮೂದಿಸಲು ಒಂದು ಪುಟ್ಟ ಜಾಗವಿದೆ. ಆ ಜಾಗದ ಚರಿತ್ರೆ ಓದಿದಾಗ ಕುರ್ಚಿಯಲ್ಲಿ ನೆಟ್ಟಗೆ ಕುಳಿತೆ. 1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ಇಂಟರ್ನೆಟ್ ಪ್ರೋಟೋಕಾಲಿನ ಮೂಲ ದಸ್ತಾವೇಜು ಆರ್‌ಎಫ್‌ಸಿ 791. ಅದರಲ್ಲಿ ಮೂರು ಬಿಟ್‌ಗಳಿಂದ ಎಂಟು ದರ್ಜೆಗಳನ್ನು ಗೊತ್ತುಪಡಿಸಿದ್ದಾರೆ. ಕೆಳಗಿನಿಂದ ಅವುಗಳ ಹೆಸರು: ರೂಟೀನ್, ಪ್ರಯಾರಿಟಿ, ಇಮ್ಮೀಡಿಯೆಟ್, ಫ್ಲಾಶ್... ಅಮೆರಿಕದ ಸೇನೆಯ ಸಂದೇಶ ವ್ಯವಸ್ಥೆಯಿಂದ ಬಂದ ಪದಗಳವು. ಆದರೆ ಪ್ರಯಾರಿಟಿ ಮತ್ತು ಇಮ್ಮೀಡಿಯೆಟ್ ಎಂಬ ಚೀಟಿಗಳನ್ನು ನಾನು ಕೆಲಸಕ್ಕೆ ಸೇರಿದ ದಿನದಿಂದ ಕಡತಗಳ ಮೇಲೆ ಸಿಕ್ಕಿಸುತ್ತಾ ಬಂದಿದ್ದೇನೆ. ಕೇಂದ್ರ ಸರಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿಯಲ್ಲಿಯೂ ಇವೇ ಎರಡು ಮಾತುಗಳಿವೆ, ಇದೇ ಏರಿಕೆಯ ಕ್ರಮದಲ್ಲಿ. ಇಂಗ್ಲಿಷ್ ಸಾಹಿತ್ಯ ಓದಿದವನಿಗೆ ಆ ಪಟ್ಟಿಯಲ್ಲಿ ಇನ್ನೊಂದು ತಮಾಷೆಯೂ ಕಾದಿತ್ತು: ಐದನೆಯ ದರ್ಜೆಯ ಹೆಸರು ಕ್ರಿಟಿಕ್. ವಿಮರ್ಶಕರಿಗೆ ಅಷ್ಟು ಎತ್ತರದ ಸ್ಥಾನ ಕೊಟ್ಟವರು ಯಾರೆಂದು ನೋಡಿದರೆ, ಅದು ಅತಿ ನಿರ್ಣಾಯಕವಾದ ಸಂದೇಶಕ್ಕೆ ಸೇನೆಯವರು ಇಟ್ಟ ಸಂಕ್ಷಿಪ್ತ ಹೆಸರು.

1998ರ ಡಿಸೆಂಬರಿನಲ್ಲಿ ಆ ಮೂರು ಬಿಟ್‌ಗಳ ಜಾಗವನ್ನು ಆರಕ್ಕೆ ವಿಸ್ತರಿಸಿ, 64 ಗುರುತುಗಳಿಗೆ ಅವಕಾಶ ಮಾಡಿದರು. ಈಗ ಮಾತಿಗೆ ಸಾಮಾನ್ಯವಾಗಿ ಹಾಕುವ ಗುರುತು 46. ಅದನ್ನು ಸೊನ್ನೆ-ಒಂದುಗಳಲ್ಲಿ ಬರೆದರೆ 101110. ಮೊದಲ ಮೂರು ಅಂಕೆಗಳು ಹಳೆಯ ಐದೇ. ಮಾತು ಇಂದಿಗೂ ಆ ಐದನೆಯ ಪೀಠದಲ್ಲಿಯೇ ಕುಳಿತಿದೆ. ಏನೂ ಗುರುತಿಲ್ಲದ ಸಾಮಾನ್ಯ ಪ್ಯಾಕೆಟ್ಟಿನದು ಸೊನ್ನೆ.

ಇಷ್ಟು ತಿಳಿದ ಉತ್ಸಾಹದಲ್ಲಿ ಇಂಜಿನಿಯರನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪುಣೆಯ ರೂಟರಿನಲ್ಲಿ ಧ್ವನಿಗೆ 46ರ ಗುರುತು ಹಾಕಿಸಿದೆ. ಮರುದಿನ ಹನ್ನೊಂದು ಗಂಟೆಗೆ ಸೊಲ್ಲಾಪುರದ ಗುಮಾಸ್ತರನ್ನು ಪರದೆಯ ಮೇಲೆ ಕರೆದು ಏನಾದರೂ ಓದಿ ಎಂದೆ. ಅವರು ಮರಾಠಿ ಪತ್ರಿಕೆ ಓದಿದರು. ಧ್ವನಿ ಹಿಂದಿನಂತೆಯೇ ತುಂಡಾಗುತ್ತಿತ್ತು. "ನಿಮಗೆ ನನ್ನ ಮಾತು ಹೇಗೆ ಕೇಳುತ್ತಿದೆ?" ಎಂದು ಕೇಳಿದೆ. "ನಿಮ್ಮದು ಯಾವಾಗಲೂ ಸ್ವಚ್ಛ ಕೇಳುತ್ತದೆ ಸಾಹೇಬ್" ಎಂದರು.

ಆಗ ಹುಡುಗಿಯ ಪತ್ರದ ಸಾಲು ನೆನಪಾಯಿತು: ಒಂದೊಂದು ಶಬ್ದವೂ ಸ್ಪಷ್ಟ ಕೇಳಿಸಿತು. ರೂಟರು ಆದ್ಯತೆ ಕೊಡಬಲ್ಲುದು ತನ್ನಿಂದ ಹೊರಗೆ ಹೊರಡುವ ಪ್ಯಾಕೆಟ್‌ಗಳಿಗೆ ಮಾತ್ರ. ತನ್ನ ಕಡೆಗೆ ಬರುವವು ದಾರಿಯಲ್ಲೆಲ್ಲೋ ಬಿದ್ದುಹೋಗಿದ್ದರೆ ಅದು ಮಾಡುವುದೇನೂ ಇಲ್ಲ. ಪುಣೆಯಲ್ಲಿ ಕುಳಿತು ನಾನು ಮಾಡಿದ ಏರ್ಪಾಡು ನನ್ನ ಮಾತು ಅವರಿಗೆ ಸರಿಯಾಗಿ ಕೇಳಲಿ ಎಂಬುದಕ್ಕೆ. ಅದು ಮೊದಲೇ ಸರಿಯಾಗಿ ಕೇಳುತ್ತಿತ್ತು. ಅವರ ಮಾತು ನಮಗೆ ಕೇಳಬೇಕಾದರೆ ಏರ್ಪಾಡು ಆಗಬೇಕಾದದ್ದು ಅವರು ಕುಳಿತಿದ್ದ ತುದಿಯಲ್ಲಿ. ಇಷ್ಟು ಸರಳವಾದ ಸಂಗತಿ ಒಬ್ಬ ಸರಕಾರಿ ನೌಕರನಿಗೆ ಹೊಳೆಯಲು ಒಂದು ಯಂತ್ರ ಬೇಕಾಯಿತೆಂಬುದು ನನಗೆ ಹೆಮ್ಮೆಯ ವಿಷಯವಲ್ಲ.

ಸೊಲ್ಲಾಪುರದ ರೂಟರಿನಲ್ಲಿಯೂ ಗುರುತು ಹಾಕಿದೆವು. ಆಗಲೂ ಪ್ರಯೋಜನವಾಗಲಿಲ್ಲ. ಇದಕ್ಕೆ ಎರಡು ಕಾರಣಗಳಿದ್ದವು. ಒಂದನ್ನು ಇಂಜಿನಿಯರ್ ಕಂಡುಹಿಡಿದ, ಇನ್ನೊಂದನ್ನು ನಾನು.

ಆತ ಕಂಡದ್ದು ಇದು. ಸೇವಾದಾತ ಸಂಸ್ಥೆ ಮಾರಿದ್ದು 2 ಮೆಗಾಬಿಟ್ ಆದರೂ, ನಮ್ಮ ರೂಟರಿಗೆ ಸಿಕ್ಕಿಸಿದ್ದ ತಂತಿ 100 ಮೆಗಾಬಿಟ್‌ನದು. ಎದುರಿಗೆ ಇಷ್ಟು ಅಗಲದ ಬಾಗಿಲು ಕಂಡ ರೂಟರಿಗೆ ಇಕ್ಕಟ್ಟೆಂಬುದೇ ಇಲ್ಲ. ಇಕ್ಕಟ್ಟಿಲ್ಲದಿದ್ದರೆ ಸರದಿಯಿಲ್ಲ, ಸರದಿಯಿಲ್ಲದಿದ್ದರೆ ಆದ್ಯತೆಗೆ ಅರ್ಥವಿಲ್ಲ. ಬಂದದ್ದನ್ನೆಲ್ಲ ಅದು ಹೊರಗೆ ನೂಕುತ್ತಿತ್ತು. ಆಚೆ ನಿಂತ ಸಂಸ್ಥೆಯ ಯಂತ್ರ 2 ಮೆಗಾಬಿಟ್ ಮೀರಿದ್ದನ್ನು, ಅದು ಮಾತೋ ಕಡತವೋ ನೋಡದೆ, ಬಿಸಾಡುತ್ತಿತ್ತು. 'ಮುಗದ' ಬಿದ್ದದ್ದು ಆ ಹೊಸ್ತಿಲಲ್ಲಿ. ಇದಕ್ಕೆ ಪರಿಹಾರ ಕೇಳಲು ವಿಚಿತ್ರವಾಗಿದೆ: ನಾವೇ ನಮ್ಮ ವೇಗವನ್ನು 2 ಮೆಗಾಬಿಟ್‌ಗಿಂತ ತುಸು ಕೆಳಗೆ, 1900 ಕಿಲೋಬಿಟ್‌ಗೆ, ಇಳಿಸಿಕೊಳ್ಳಬೇಕು. ಆಗ ಇಕ್ಕಟ್ಟು ನಮ್ಮ ಮನೆಯೊಳಗೇ ಹುಟ್ಟುತ್ತದೆ. ಸರದಿ ನಮ್ಮ ಅಂಗಳದಲ್ಲಿ ನಿಲ್ಲುತ್ತದೆ. ಅಂಗಳದಲ್ಲಿ ನಿಂತವರಲ್ಲಿ ಯಾರನ್ನು ಮೊದಲು ಬಿಡಬೇಕೆಂಬುದು ನಮ್ಮ ಕೈಯಲ್ಲಿರುತ್ತದೆ.

ನಾನು ಕಂಡದ್ದು ಕರಾರುಪತ್ರದಲ್ಲಿ. ಅದನ್ನು ನಮ್ಮಲ್ಲಿ ಯಾರೂ ಕೊನೆಯವರೆಗೆ ಓದಿದಂತಿರಲಿಲ್ಲ. ಸಂಸ್ಥೆ ತನ್ನ ಜಾಲದಲ್ಲಿ ಮೂರು ದರ್ಜೆಗಳನ್ನು ಇಟ್ಟಿತ್ತು. ನಾವು ಕೊಂಡದ್ದು ಅತ್ಯಂತ ಅಗ್ಗದ ಒಂದನ್ನು. ಕೊಳ್ಳದ ದರ್ಜೆಯ ಗುರುತು ಹೊತ್ತು ಬಂದ ಪ್ಯಾಕೆಟ್‌ಗಳ ಗುರುತನ್ನು ಅಳಿಸಿ ಸೊನ್ನೆ ಮಾಡಲಾಗುವುದೆಂದು ಅನುಬಂಧದಲ್ಲಿ ಸ್ಪಷ್ಟವಾಗಿತ್ತು. ನಾವು ಹಾಕಿದ 46 ಅವರ ಬಾಗಿಲಲ್ಲಿ ಸೊನ್ನೆಯಾಗುತ್ತಿತ್ತು. ಕೊಂಡ ದರ್ಜೆಯ ಹೆಸರು ಬೆಸ್ಟ್ ಎಫರ್ಟ್. ಸಾಹಿತ್ಯದ ವಿದ್ಯಾರ್ಥಿಗೆ ಅದು ಎಷ್ಟು ಆಶ್ವಾಸನೆಯ ಮಾತು! ಜಾಲದ ಭಾಷೆಯಲ್ಲಿ ಅದರ ಅರ್ಥ: ತಲುಪಿದರೆ ತಲುಪಿತು, ಯಾವ ಭರವಸೆಯೂ ಇಲ್ಲ.

ಸಂಸ್ಥೆಯ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಮ್ಮ ಕಚೇರಿಯ ಕಪಾಟು ತೆರೆದರೆ ಅರ್ಧಕ್ಕರ್ಧ ಕಡತಗಳ ಮೇಲೆ ಇಮ್ಮೀಡಿಯೆಟ್ ಚೀಟಿ ಇರುತ್ತದೆ. ಎಲ್ಲವೂ ತುರ್ತಾದ ಮೇಲೆ ಯಾವುದೂ ತುರ್ತಲ್ಲ. ಅನುಭವಸ್ಥ ಗುಮಾಸ್ತ ಚೀಟಿಯನ್ನು ನೋಡುವುದೇ ಇಲ್ಲ. ಸಾವಿರ ಗಿರಾಕಿಗಳಿರುವ ಸಂಸ್ಥೆ ಅವರವರು ಅಂಟಿಸಿಕೊಂಡು ಬಂದ ಚೀಟಿಯನ್ನೆಲ್ಲ ನಂಬಿದರೆ ಅದರ ಜಾಲವೂ ನಮ್ಮ ಕಪಾಟಿನಂತಾಗುತ್ತದೆ. ಗುರುತು ಎಂಬುದು ಕೋರಿಕೆ ಮಾತ್ರ. ಎರಡೂ ಕಡೆಯವರು ಒಪ್ಪಿ ಸಹಿ ಹಾಕಿದ ಮೇಲಷ್ಟೇ ಅದು ಹಕ್ಕು.

ಆದ್ಯತೆಯ ದರ್ಜೆಯನ್ನು ಕೊಳ್ಳಲು ಕಡತ ತೆರೆದೆ. ಅದರ ಮೇಲೂ ಇಮ್ಮೀಡಿಯೆಟ್ ಚೀಟಿ ಸಿಕ್ಕಿಸಿದೆ. ಹಣಕಾಸಿನ ಒಪ್ಪಿಗೆ ಬರಲು ಏಳು ವಾರ ಹಿಡಿಯಿತು.

ಆ ಏಳು ವಾರಗಳಲ್ಲಿ ಇನ್ನೊಂದು ತೀರ್ಮಾನವಾಗಬೇಕಿತ್ತು. ವಿಡಿಯೊ ವಿಚಾರಣೆಯಲ್ಲಿ ಧ್ವನಿ ಮತ್ತು ಚಿತ್ರ ಬೇರೆ ಬೇರೆ ಹರಿವುಗಳಾಗಿ ಹೋಗುತ್ತವೆ. ಸಣ್ಣ ದಾರಿಯಲ್ಲಿ ಯಾವುದಕ್ಕೆ ಮುಂದಿನ ಸಾಲು? ಚಿತ್ರ ಚೆನ್ನಾಗಿರಬೇಕೆಂಬುದು ಮೇಲಿನವರ ಅಪೇಕ್ಷೆ. ಅವರಿಗೆ ವಿಚಾರಣೆಯೆಂದರೆ ಗೋಡೆಯ ಮೇಲಿನ ದೊಡ್ಡ ಪರದೆ. ಮುಖ ಚೌಕಚೌಕವಾಗಿ ಒಡೆದರೆ ತಪಾಸಣೆಗೆ ಬಂದವರ ಮುಂದೆ ಅವಮಾನ. ಮುಖ ಮಸುಕಾದರೂ ಮಾತು ಉಳಿಯಲಿ ಎಂದು ನಾನು ಟಿಪ್ಪಣಿಯಲ್ಲಿ ಬರೆದೆ, ನಾಲ್ಕು ಪಾಲಿನ ಲೆಕ್ಕವನ್ನೂ ಸೇರಿಸಿ. ಕೊನೆಗೆ ಒಪ್ಪಿಗೆಯಾದದ್ದು ಹೀಗೆ: ಧ್ವನಿ ಎಲ್ಲರಿಗಿಂತ ಮುಂದೆ, ಆದರೆ 160 ಕಿಲೋಬಿಟ್ ಮೀರುವಂತಿಲ್ಲ. ಚಿತ್ರಕ್ಕೆ 600 ಕಿಲೋಬಿಟ್ ಖಾತರಿ. ಮಿಕ್ಕದ್ದು ಕಡತಗಳಿಗೆ, ಧ್ವನಿ, ಚಿತ್ರ ಇಲ್ಲದ ಹೊತ್ತಿನಲ್ಲಿ ಪೂರ್ತಿ ದಾರಿಯೂ ಅವಕ್ಕೇ. ಎಲ್ಲರಿಗಿಂತ ಮುಂದೆ ಹೋಗುವವನಿಗೆ ಮಿತಿ ಯಾಕೆಂದು ಕೇಳಿದ್ದಕ್ಕೆ ಇಂಜಿನಿಯರ್ ಹೇಳಿದ: "ಮಿತಿ ಇಲ್ಲದಿದ್ದರೆ ಹಿಂದಿನವರು ಹಸಿದು ಸಾಯುತ್ತಾರೆ, ಸರ್." ಜಾಲದ ಪುಸ್ತಕಗಳಲ್ಲಿಯೂ ಹಸಿವು ಎಂಬ ಪದವೇ ಇದೆ.

ಎಲ್ಲ ಸಿದ್ಧವಾದ ದಿನ ಸೊಲ್ಲಾಪುರದಿಂದ 20 ಮೆಗಾಬೈಟಿನ ಕಡತವೊಂದನ್ನು ಬೇಕೆಂದೇ ಕಳುಹಿಸಲು ಹೇಳಿ, ಆ ಗುಮಾಸ್ತರನ್ನು ಪರದೆಯ ಮೇಲೆ ಕರೆದೆ. ಅವರಿಗೆ ಕನ್ನಡ ಬಾರದು. "ನಾನು ಹೇಳಿದ ಒಂದು ಪದವನ್ನು ಇಪ್ಪತ್ತು ಸಲ ಹೇಳಿ" ಎಂದು ಕೇಳಿಕೊಂಡೆ. ಪಾಪ, ಅವರು ಪ್ರಶ್ನಿಸದೆ ಹೇಳಿದರು: ಮುಗದಿಲ್ರೀ, ಮುಗದಿಲ್ರೀ, ಮುಗದಿಲ್ರೀ. ಇಪ್ಪತ್ತು ಸಲವೂ ಇಡಿಯಾಗಿ ಬಂತು. ಕಡತ ಸಾವಕಾಶವಾಗಿ ಹಿಂದಿನಿಂದ ಬಂದು ಸೇರಿತು, ಅದಕ್ಕೇನೂ ಆಗಿರಲಿಲ್ಲ.

ಜಾಲ ಸರಿಹೋಯಿತು. ನಡಾವಳಿ ಸರಿಹೋಗಿರಲಿಲ್ಲ. ಮುಕ್ತಾಯವಾದ ಪ್ರಕರಣವನ್ನು ಮತ್ತೆ ತೆರೆಯಲು ಕಾರಣ ಬರೆಯಬೇಕು. ನನ್ನ ಮೇಲಧಿಕಾರಿ ಕೆಟ್ಟವರಲ್ಲ. ನನ್ನ ಹಿತ ಬಯಸಿಯೇ ಹೇಳಿದರು. "ತಾಂತ್ರಿಕ ದೋಷ ಎಂದು ಬರೆಯಿರಿ. ಅದು ಯಾರ ತಲೆಯ ಮೇಲೂ ಬರುವುದಿಲ್ಲ." ಅದು ಸುಳ್ಳೂ ಆಗಿರಲಿಲ್ಲ. 20 ಪ್ಯಾಕೆಟ್‌ಗಳು ಬಿದ್ದದ್ದು ಯಂತ್ರದಲ್ಲಿ. ಪುರಾವೆಯಾಗಿ ನಕ್ಷೆ, ಕರಾರು, ಲೆಕ್ಕ ಎಲ್ಲ ನನ್ನ ಬಳಿ ಇದ್ದವು.

ಎರಡು ದಿನ ಆ ಕಡತವನ್ನು ಮೇಜಿನ ಮೇಲೆಯೇ ಇಟ್ಟುಕೊಂಡೆ. ಯಂತ್ರ ಮಾಡಿದ್ದು ಒಂದು ಪದವನ್ನು ಬೀಳಿಸುವ ಕೆಲಸ. ಬಿದ್ದ ಜಾಗದ ಎರಡು ಅಂಚುಗಳನ್ನು ಜೋಡಿಸಿ ಹೊಲಿದು, ಅದೊಂದು ಪೂರ್ಣ ವಾಕ್ಯವೆಂದು ಇನ್ನೊಂದು ಭಾಷೆಯಲ್ಲಿ ಘೋಷಿಸಿದವನು ನಾನು. ತೇಪೆ ಹಾಕಿದ್ದೇನೆಂಬುದು ಆ ಗಳಿಗೆಯಲ್ಲಿ ನನಗೆ ಗೊತ್ತಿತ್ತು. 'ಹೇಳೋದು' ಮತ್ತು 'ಇಲ್ಲ' ಎಂಬುದರ ನಡುವಿನ ಮೌನ ನನ್ನ ಕಿವಿಗೆ ಬಿದ್ದಿತ್ತು. ಧ್ವನಿಯನ್ನು ಸಾಗಿಸುವ ವಿಧಾನಕ್ಕೆ ಬಿದ್ದದ್ದನ್ನು ಮತ್ತೆ ಕೇಳಿ ಪಡೆಯುವ ಶಕ್ತಿಯಿಲ್ಲ. ನನಗೆ ಇತ್ತು. "ಇನ್ನೊಮ್ಮೆ ಹೇಳಿ, ಅಮ್ಮಾ" ಎನ್ನಲು ಎಷ್ಟು ಹೊತ್ತು ಬೇಕು? ಕಡತ ಕಾಯಬಹುದಾಗಿದ್ದಷ್ಟೇ: ಮೂರು ಸೆಕೆಂಡು.

ಟಿಪ್ಪಣಿಯಲ್ಲಿ ಎರಡೂ ವಾಕ್ಯಗಳನ್ನು ಬರೆದೆ. ಸಂಪರ್ಕದ ದೋಷದಿಂದ ಧ್ವನಿ ಅಪೂರ್ಣವಾಗಿತ್ತು. ಅಪೂರ್ಣವೆಂದು ತಿಳಿದೂ ದುಭಾಷಿಯು ಮರುಪ್ರಶ್ನಿಸಲಿಲ್ಲ. ಹುಡುಗಿಯ ಪತ್ರದಲ್ಲಿದ್ದ "ಬೇರೆ ಹೇಳಿದರು" ಎಂಬುದನ್ನೂ ಮೆದುಗೊಳಿಸದೆ ಅನುವಾದಿಸಿ ಲಗತ್ತಿಸಿದೆ. ಮುಂದೆ ಎಚ್ಚರಿಕೆಯಿಂದಿರುವಂತೆ ನನಗೊಂದು ಲಿಖಿತ ಸಲಹೆ ಬಂತು. ಮರುವಿಚಾರಣೆಗೆ ದಿನಾಂಕವೂ ಬಂತು.

ಎರಡನೆಯ ಸಲ ಅವರು ಹನ್ನೊಂದು ನಿಮಿಷ ಮಾತಾಡಿದರು. ಚಿತ್ರ ನಡುವೆ ಎರಡು ಸಲ ಮಸುಕಾಯಿತು. ಮಾತು ಒಂದು ಸಲವೂ ಒಡೆಯಲಿಲ್ಲ. ಅಂದು ಅವರು ಹೇಳಬೇಕೆಂದಿದ್ದದ್ದು ಒಂದು ಕಾಗದದ ವಿಷಯ. ಗಂಡ ಕೆಲಸದಲ್ಲಿದ್ದಾಗ ಕುಟುಂಬದ ವಿವರಗಳ ನಮೂನೆಯನ್ನು ತುಂಬಿ ಕಚೇರಿಗೆ ಕೊಟ್ಟಿದ್ದರು. ಅದರ ನಕಲು ಮಗನ ಮನೆಯ ಟ್ರಂಕಿನಲ್ಲಿದೆ, ತರಿಸಿಕೊಳ್ಳಲು ಸಮಯ ಬೇಕು ಎಂಬುದು. ಈ ಸಲ ಮೊಮ್ಮಗಳು ಅದನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮಾತಿನ ನಡುವೆ ಒಂದೆಡೆ ಅವರು ನಿಲ್ಲಿಸಿ ನೀರು ಕುಡಿದರು. ನಾನು ಕೇಳಿದೆ, "ಮುಗಿಯಿತೇನಮ್ಮಾ?"

"ಇಲ್ಲ ತಮ್ಮಾ, ಇನ್ನಾ ಮುಗದಿಲ್ಲ. ತಡಿ, ಹೇಳ್ತೀನಿ" ಎಂದರು.

ಅಧಿಕಾರಿ ನನ್ನತ್ತ ನೋಡಿದರು. ಇನ್ನೂ ಮುಗಿದಿಲ್ಲವಂತೆ ಎಂದು ತಿಳಿಸಿದೆ. ಎಲ್ಲರೂ ಕಾದೆವು.

ಆ ನಮೂನೆಯಲ್ಲಿ ಇದ್ದದ್ದು ವಯಸ್ಸು ಮಾತ್ರ, ಪೂರ್ಣ ಜನ್ಮದಿನಾಂಕವಲ್ಲ. ಅದರಿಂದ ಪ್ರಕರಣ ಮತ್ತೆ ಕೆಲವು ತಿಂಗಳು ಓಡಾಡಿತು. ಹೆಚ್ಚುವರಿ ಪಿಂಚಣಿ ಮಂಜೂರಾಯಿತು. ಅವರು ಕೇಳಿದ್ದ ಹಿಂಬಾಕಿ ಪೂರ್ತಿ ಸಿಗಲಿಲ್ಲ. ಆದೇಶದ ಮೊದಲ ಪುಟದಲ್ಲಿ ಅರ್ಜಿದಾರರ ಹೇಳಿಕೆ ಎಂಬ ಭಾಗವಿದೆ. ಹಿಂದಿನ ಆದೇಶದಲ್ಲಿ ಅದು ಒಂದು ಸಾಲು ಇತ್ತು, ಹೊಸದರಲ್ಲಿ ಒಂದೂಕಾಲು ಪುಟ. ಆ ಒಂದೂಕಾಲು ಪುಟದ ಇಂಗ್ಲಿಷ್ ನನ್ನದು, ಮಾತು ಅವರದು.